ಎಣ್ಣೆ, ಸೀಸ, ತುಕ್ಕು: ಮೆಹ್ರೌಲಿಯ ಕಬ್ಬಿಣದ ಶಾಸನ ಉಳಿದದ್ದು ಹೇಗೆ?

ಶಾಸನ ಅಂದ ಕೂಡಲೇ ನಮಗೆ ನೆನಪಾಗುವುದು ಕಲ್ಲು, ಅದು ಬಿಟ್ಟರೆ ತಾಮ್ರ. ಕಬ್ಬಿಣದ ಮೇಲೆ ಶಾಸನ ಬರೆಸಿದವರು ಬಹಳ ಅಪರೂಪ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಆಚಂದ್ರಾರ್ಕವಾಗಿ ನಿಲ್ಲಬೇಕಾದ ಮಾತನ್ನು ನಾಲ್ಕು ಮಳೆಗಾಲಕ್ಕೆ ಸಿಪ್ಪೆ ಏಳುವ ಲೋಹದ ಮೇಲೆ ಯಾರು ಬರೆಸುತ್ತಾರೆ? ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಆದ್ದರಿಂದ ಅಕ್ಷರದ ಗೆರೆ ಬರೀ ಸವೆಯುವುದಿಲ್ಲ, ಒಳಗಿನಿಂದ ಉಬ್ಬಿ ಒಡೆದೇ ಹೋಗುತ್ತದೆ.

ಆದರೂ ಒಬ್ಬ ಅರಸ ಬರೆಸಿದ. ದೆಹಲಿಯ ಮೆಹ್ರೌಲಿಯಲ್ಲಿ, ಕುತುಬ್ ಮಿನಾರ್ ಪಕ್ಕದ ಮಸೀದಿಯ ಅಂಗಳದಲ್ಲಿ ನಿಂತಿರುವ ಕಬ್ಬಿಣದ ಕಂಬದ ಮೇಲೆ ಅವನ 6 ಸಾಲು ಸುಮಾರು 1600 ವರ್ಷಗಳಿಂದ ಓದುವ ಹಾಗೆ ಉಳಿದಿವೆ. ಹೇಗೆ ಉಳಿದವು ಅಂತ ಕೇಳಿದರೆ ನಮ್ಮಲ್ಲಿ ತಕ್ಷಣ ಬರುವ ಉತ್ತರ ಒಂದಿದೆ: "ಹಿಂದಿನವರು ತುಪ್ಪ, ಎಣ್ಣೆ ಹಚ್ಚುತ್ತಿದ್ದರು." ಈ ಉತ್ತರ ಎಷ್ಟು ನಿಲ್ಲುತ್ತದೆ ಅನ್ನೋದನ್ನು ಇಲ್ಲಿ ಪರೀಕ್ಷಿಸುತ್ತೇನೆ. ಯಂತ್ರಗಳ ನಿರ್ವಹಣೆ ನನ್ನ ಹೊಟ್ಟೆಪಾಡು, ಶಾಸನ ನನ್ನ ಹವ್ಯಾಸ. ಇವೆರಡೂ ಕೂಡುವ ಜಾಗ ಇದೊಂದೇ ಇರಬೇಕು.

ಮೊದಲು ಶಾಸನ. ಗುಪ್ತರ ಕಾಲದ ಬ್ರಾಹ್ಮಿ ಲಿಪಿ, ಸಂಸ್ಕೃತ ಭಾಷೆ, ಶಾರ್ದೂಲವಿಕ್ರೀಡಿತ ಛಂದಸ್ಸಿನ 3 ಪದ್ಯ. ವಂಗದಲ್ಲಿ ಒಟ್ಟಾಗಿ ಬಂದ ಶತ್ರುಗಳನ್ನು ಹಿಮ್ಮೆಟ್ಟಿಸಿದವನು, ಸಿಂಧುವಿನ ಏಳು ಮುಖಗಳನ್ನು ದಾಟಿ ವಾಹ್ಲಿಕರನ್ನು ಗೆದ್ದವನು ಎಂದು ಚಂದ್ರ ಎಂಬ ಅರಸನ ವರ್ಣನೆ ಇದೆ. ಅವನು ವಿಷ್ಣುಪದಗಿರಿಯಲ್ಲಿ ವಿಷ್ಣುವಿನ ಧ್ವಜವಾಗಿ ಈ ಕಂಬವನ್ನು ನಿಲ್ಲಿಸಿದ ಎಂದು ಕೊನೆಯಲ್ಲಿ ಬರುತ್ತದೆ. ಈ ಚಂದ್ರನೇ ಎರಡನೇ ಚಂದ್ರಗುಪ್ತ ಎನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ವಿಷ್ಣುಪದಗಿರಿ ಎಂದರೆ ವಿದಿಶಾ ಬಳಿಯ ಉದಯಗಿರಿ ಎಂಬ ವಾದವೂ ಬಲವಾಗಿದೆ. ಅಂದರೆ ಕಂಬ ಈಗಿರುವ ಜಾಗಕ್ಕೆ ಆಮೇಲೆ ಬಂದದ್ದು.

ಇದರ ಪಾಠವನ್ನು 1888ರಲ್ಲಿ ಗುಪ್ತ ಶಾಸನಗಳ ಸಂಪುಟದಲ್ಲಿ ಪ್ರಕಟಿಸಿದವನು ಜೆ. ಎಫ್. ಫ್ಲೀಟ್. ಕನ್ನಡ ನಾಡಿನ ರಾಜವಂಶಗಳ ಚರಿತ್ರೆ ಬರೆದ ಅದೇ ಫ್ಲೀಟ್, ನಮಗೆ ಹೊಸಬನಲ್ಲ. ಅವನು ಹೇಳಿರುವ ಒಂದು ಸಣ್ಣ ವಿವರ ನನಗೆ ಬಹಳ ಮುಖ್ಯವಾಗಿ ಕಂಡಿತು. ಕೆತ್ತುವಾಗ ಕೆಲವು ಗೆರೆಗಳ ಮೇಲೆ ಲೋಹ ಮುಚ್ಚಿಕೊಂಡಿದೆ, ಹಾಗಾಗಿ ಅಚ್ಚಿನಲ್ಲಿ ಕೆಲವು ಅಕ್ಷರ ಅಪೂರ್ಣವಾಗಿ ಕಾಣುತ್ತವೆ ಎನ್ನುತ್ತಾನೆ. ಕಲ್ಲಿನಲ್ಲಿ ಹೀಗಾಗಲ್ಲ, ಕಲ್ಲು ಚಕ್ಕೆ ಏಳುತ್ತದೆ. ಲೋಹ ಉಳಿಯ ಪಕ್ಕಕ್ಕೆ ಸರಿದು ಮುಚ್ಚಿಕೊಂಡಿದೆ ಅಂದರೆ ಅದು ಮೆದು ಕಬ್ಬಿಣ. 1912ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಪ್ರಕಟಿಸಿದ ವಿಶ್ಲೇಷಣೆ ಇದನ್ನೇ ಹೇಳುತ್ತದೆ: ಕಬ್ಬಿಣ ಶೇ. 99.72, ಇಂಗಾಲ ಬರೀ ಶೇ. 0.08, ಗಂಧಕ 0.006, ರಂಜಕ 0.114. ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಈಗ ತುಪ್ಪದ ವಾದ. ಕಬ್ಬಿಣ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು. ಉಪ್ಪು ಸೇರಿದರೆ ಕೆಲಸ ಬೇಗ. ಜಿಡ್ಡು ಈ ಎರಡನ್ನೂ ಲೋಹದಿಂದ ದೂರ ಇಡುತ್ತದೆ. ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಬೇರಿಂಗು, ಶಾಫ್ಟುಗಳನ್ನು ವರ್ಷಗಟ್ಟಲೆ ಇಡಬೇಕಾದಾಗ ನಾವು ಮಾಡೋದೂ ಇಷ್ಟೇ: ಪೆಟ್ರೋಲಿಯಂ ಮೂಲದ ದಪ್ಪ ಗ್ರೀಸ್ ಬಳಿದು, ಮೇಣದ ಕಾಗದ ಸುತ್ತಿ, ನೆರಳಲ್ಲಿ ಇಡುತ್ತೇವೆ. ಹಾಗಿದ್ದರೆ ಚಂದ್ರನ ಕಂಬಕ್ಕೂ ಇದೇ ಕಾರಣ ಯಾಕಾಗಬಾರದು?

ಮೂರು ಅಡ್ಡಿ ಇವೆ. ಒಂದು, ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ ಪೆಟ್ರೋಲಿಯಂ ಗ್ರೀಸಿನ ಹಾಗಲ್ಲ. ಗಾಳಿ, ಬಿಸಿಲಿಗೆ ಕೆಡುತ್ತವೆ. ಆ ಕಮಟು ವಾಸನೆ ಬರುವ ಹೊತ್ತಿಗೆ ಅದರಲ್ಲಿ ಕೊಬ್ಬಿನ ಆಮ್ಲಗಳು ಬಿಡುಗಡೆಯಾಗಿರುತ್ತವೆ, ಮೇಲೆ ಧೂಳು ಅಂಟಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ಎರಡು, ಎತ್ತರ. ಕಂಬದ ಒಟ್ಟು ಉದ್ದ 7 ಮೀಟರಿಗೂ ಹೆಚ್ಚು. ಶಾಸನದ ಕೊನೆಯ ಸಾಲೇ ಕಟ್ಟೆಯಿಂದ 7 ಅಡಿ 2 ಅಂಗುಲ ಮೇಲಿದೆ ಎಂದು ಫ್ಲೀಟ್ ಅಳತೆ ಕೊಟ್ಟಿದ್ದಾನೆ. ಕೈಗೆ ಎಟುಕದ ಶಿಖರ ಭಾಗವೂ ಚೆನ್ನಾಗಿಯೇ ಇದೆ. ಮೂರು, ಕೈ ತಾಗಿದ ಜಾಗವೇ ಬೇರೆ ಕಥೆ ಹೇಳುತ್ತದೆ. ಬೆನ್ನು ಹಚ್ಚಿ ನಿಂತು ಹಿಂದಿನಿಂದ ಕಂಬವನ್ನು ತಬ್ಬಿದರೆ ಅದೃಷ್ಟ ಅಂತ ಜನ ಬಹುಕಾಲ ಮಾಡುತ್ತಾ ಬಂದರು. ಆ ಭಾಗ ಉಜ್ಜಿ ಉಜ್ಜಿ ಹೊಳೆಯುತ್ತದೆ, ಬಣ್ಣ ಬೇರೆಯಾಗಿದೆ. ಮನುಷ್ಯರ ಸ್ಪರ್ಶ ಅಲ್ಲಿ ಕಾಪಾಡಿದ್ದಲ್ಲ, ಇದ್ದ ಪದರವನ್ನು ಕಿತ್ತದ್ದು. 1997ರಲ್ಲಿ ಸುತ್ತ ಬೇಲಿ ಹಾಕಿದ್ದು ಅದಕ್ಕೇ.

ಇನ್ನೊಂದು ವಾದ ಹವೆಯದ್ದು. ದೆಹಲಿಯಲ್ಲಿ ವರ್ಷದ ಬಹುಪಾಲು ಒಣಹವೆ, ಅಲ್ಲಿ ಮಾಮೂಲಿ ಉಕ್ಕೂ ನಿಧಾನವಾಗಿ ತುಕ್ಕು ಹಿಡಿಯುತ್ತದೆ. ಇದರಲ್ಲಿ ಸತ್ಯಾಂಶ ಇದೆ. ಆದರೆ ಇದೊಂದೇ ಸಾಲದು. ನಮ್ಮ ಕೊಡಚಾದ್ರಿಯನ್ನೇ ನೋಡಿ. ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ತೆಳ್ಳಗೆ ಎತ್ತರಕ್ಕೆ ನಿಂತ ಕಬ್ಬಿಣದ ಕಂಬ ಪಶ್ಚಿಮ ಘಟ್ಟದ ಜಡಿಮಳೆಯಲ್ಲಿ, ಮಂಜಿನಲ್ಲಿ, ಕಡಲ ಗಾಳಿ ಬೀಸುವ ಕಡೆಗೇ ನಿಂತಿದೆ. ಲೋಹವಿಜ್ಞಾನಿಗಳು ಅದನ್ನೂ ಅಧ್ಯಯನ ಮಾಡಿದ್ದಾರೆ, ಟಿ. ಆರ್. ಅನಂತರಾಮನ್ 1999ರಲ್ಲಿ ಅದರ ಬಗ್ಗೆ ಬರೆದರು. ಅಂಥ ಕಡೆ ಒಣಹವೆಯ ಉತ್ತರ ನಡೆಯೋದಿಲ್ಲ. ಹಾಗಾದರೆ ಉತ್ತರವನ್ನು ಲೋಹದ ಒಳಗೇ ಹುಡುಕಬೇಕು.

ಹುಡುಕಿದವರು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ. ಇಂದಿನ ಉಕ್ಕು ತಯಾರಿಕೆಯಲ್ಲಿ ನಾವು ಸುಣ್ಣ ಬಳಸಿ ರಂಜಕವನ್ನು ಕಿಟ್ಟದ ಜೊತೆ ಹೊರಹಾಕುತ್ತೇವೆ, ಯಾಕೆಂದರೆ ಅದು ಉಕ್ಕನ್ನು ಪೆಡಸು ಮಾಡುತ್ತದೆ. ಆಗಿನ ಕಮ್ಮಾರರು ಅದಿರನ್ನು ಇದ್ದಿಲಿನ ಜೊತೆ ಕುಲುಮೆಯಲ್ಲಿ ಕಾಸಿ, ಕಬ್ಬಿಣ ಕರಗುವ ಮುನ್ನವೇ ಮುದ್ದೆಯಾಗಿ ತೆಗೆದು, ಬಡಿದು ಬೆಸೆಯುತ್ತಿದ್ದರು. ಸುಣ್ಣ ಹಾಕುತ್ತಿರಲಿಲ್ಲ, ರಂಜಕ ಉಳಿಯಿತು. ಈ ಕಬ್ಬಿಣವೂ ಮೊದಲು ತುಕ್ಕು ಹಿಡಿಯುತ್ತದೆ. ಆದರೆ ತುಕ್ಕು ಬೆಳೆದಂತೆ ಲೋಹ ಮತ್ತು ತುಕ್ಕಿನ ನಡುವೆ ರಂಜಕ ಒಟ್ಟುಗೂಡುತ್ತದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು: ಈ ಸರದಿಯಲ್ಲಿ ಅಲ್ಲಿ ಕಬ್ಬಿಣದ ಫಾಸ್ಫೇಟಿನ ತೆಳು ಪದರ ಕಟ್ಟಿಕೊಳ್ಳುತ್ತದೆ. ಅದು ಲೋಹಕ್ಕೆ ಗಟ್ಟಿಯಾಗಿ ಅಂಟಿಕೊಂಡು ಮುಂದಿನ ತುಕ್ಕನ್ನು ತಡೆಯುತ್ತದೆ. ಅಂದರೆ ಮೇಲಿಂದ ಬಳಿದ ಲೇಪ ಅಲ್ಲ ಇದು. ಕಬ್ಬಿಣ ತನ್ನ ತುಕ್ಕಿನಿಂದಲೇ ನೇಯ್ದುಕೊಂಡ ಹೊದಿಕೆ, ಗೀರು ಬಿದ್ದರೆ ಮತ್ತೆ ಕಟ್ಟಿಕೊಳ್ಳುವಂಥದ್ದು.

ಕಥೆಯ ನಿಜವಾದ ಪಾಠ ಇರುವುದು ನೆಲದ ಕೆಳಗೆ. ಹೊರಗೆ ಕಾಣುವ ಭಾಗಕ್ಕೆ ಯಾರೂ ಏನೂ ಮಾಡಲಿಲ್ಲ, ಅದು ಉಳಿಯಿತು. ಹೂತ ಭಾಗಕ್ಕೆ ಮಾತ್ರ ಕಾಳಜಿಯಿಂದ ಸೀಸದ ಹೊದಿಕೆ ಹಾಕಿದ್ದರು. 1961ರಲ್ಲಿ ಪುರಾತತ್ವ ಇಲಾಖೆ ಕಂಬವನ್ನು ಹೊರತೆಗೆದು ನೋಡಿದಾಗ ಕೆಟ್ಟಿದ್ದು ಆ ಭಾಗವೇ: ದಪ್ಪ ತುಕ್ಕು, ಅದರಡಿ ಲೋಹದಲ್ಲಿ ಗುಳಿ. ಮಣ್ಣಿನ ತೇವ ಮತ್ತು ಉಪ್ಪು ಮೊದಲ ಕಾರಣ. ಆದರೆ ಸೀಸವೂ ಅದಕ್ಕೆ ಕೈಜೋಡಿಸುತ್ತದೆ. ಎರಡು ಲೋಹ ಒಂದಕ್ಕೊಂದು ತಾಗಿ ಒದ್ದೆಯಾದರೆ ಅದೊಂದು ಪುಟ್ಟ ಬ್ಯಾಟರಿ. ಅವೆರಡರಲ್ಲಿ ಹೆಚ್ಚು ಚುರುಕಾದದ್ದು ಕರಗುತ್ತದೆ. ಕಬ್ಬಿಣ ಮತ್ತು ಸೀಸದ ಜೋಡಿಯಲ್ಲಿ ಕರಗುವುದು ಕಬ್ಬಿಣ. ಸೀಸದ ಹಾಳೆಯಲ್ಲಿ ಒಂದು ಬಿರುಕು ಸಾಕು. ತಗಡಿಗೆ ಸತು ಹಾಕುವುದರ ಗುಟ್ಟು ಇದರ ತಿರುಗುಮುರುಗು: ಅಲ್ಲಿ ಸತು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ತಾಮ್ರದ ಪಾತ್ರೆಗೆ ತವರದ ಕಲಾಯಿ ಹಾಕುವುದೂ ಹೀಗೆ ಸುರಕ್ಷಿತ. ಕಲಾಯಿ ಗೀರಿದರೆ ಕರಗುವುದು ತವರ, ತಾಮ್ರ ಅಲ್ಲ. ಲೇಪ ಇದೆಯೋ ಇಲ್ಲವೋ ಎಂಬುದಕ್ಕಿಂತ, ಯಾವ ಲೋಹದ ಮೇಲೆ ಯಾವ ಲೇಪ ಎನ್ನುವುದು ದೊಡ್ಡ ಪ್ರಶ್ನೆ.

ಇದು ಶಾಸನ ಹುಡುಕಿಕೊಂಡು ಊರೂರು ತಿರುಗುವ ನಮಗೆ ಯಾಕೆ ಬೇಕು? ಮನೆಗಳಲ್ಲಿ, ಮಠಗಳಲ್ಲಿ ಇರುವ ತಾಮ್ರಪಟಗಳಿಗೆ ಹಬ್ಬಕ್ಕೊಮ್ಮೆ ತುಪ್ಪ, ಎಣ್ಣೆ ಹಚ್ಚುವವರಿದ್ದಾರೆ, ಭಕ್ತಿಯಿಂದಲೇ ಹಚ್ಚುತ್ತಾರೆ. ಹಿತ್ತಾಳೆ ಪಾತ್ರೆಯಲ್ಲಿ ಬಿಟ್ಟ ತುಪ್ಪ ಹಸಿರಾಗುವುದನ್ನು ಅವರೂ ನೋಡಿರುತ್ತಾರೆ. ಆ ಹಸಿರು ಕಿಲುಬು ತಾಮ್ರವೇ ಕರಗಿ ಬಂದದ್ದು, ಪಟದ ಮೇಲಾದರೆ ಅಕ್ಷರದ ಅಂಚು ಕರಗಿ ಬಂದದ್ದು. ಆಮೇಲೆ ಕಿಲುಬು ತೆಗೆಯಲು ಹುಣಸೆಹಣ್ಣು ಹಾಕಿ ತಿಕ್ಕಿದರೆ ಪ್ರತಿ ಸಲವೂ ಒಂದು ಪದರ ಹೋಗುತ್ತದೆ. ತೆಳುವಾದ ಗೀಟು, ಅನುಸ್ವಾರದ ಚುಕ್ಕೆ ಮೊದಲು ಹೋಗುತ್ತವೆ. ಪಾಠಾಂತರದ ಜಗಳ ಶುರುವಾಗುವುದೂ ಅಲ್ಲೇ ಅಲ್ವಾ?

ಹಾಗಾಗಿ ನನ್ನ ವಿನಂತಿ ಇಷ್ಟು. ಲೋಹದ ಶಾಸನ ಸಿಕ್ಕಾಗ ಓದುವ ಆತುರಕ್ಕೆ ಎಣ್ಣೆ ಸವರಬೇಡಿ, ತಿಕ್ಕಬೇಡಿ, ತಂತಿ ಬ್ರಶ್ ಮುಟ್ಟಿಸಬೇಡಿ, ಬಣ್ಣ ಬಳಿಯಬೇಡಿ. ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ನಾಲ್ಕು ದಿಕ್ಕಿನಿಂದ ಫೋಟೋ ತೆಗೆಯಿರಿ. ಬಹುಪಾಲು ಅಕ್ಷರ ಅದರಲ್ಲೇ ಏಳುತ್ತವೆ. ಪಟವನ್ನು ಒಣಬಟ್ಟೆಯಲ್ಲಿ ಸುತ್ತಿ ಒಣಜಾಗದಲ್ಲಿಡಲು ಮನೆಯವರಿಗೆ ಹೇಳಿ. ಸಂರಕ್ಷಣೆ ಬೇಕೆಂದರೆ ಅದಕ್ಕೆ ತರಬೇತಾದವರಿದ್ದಾರೆ. ಕಬ್ಬಿಣಕ್ಕೆ ಟ್ಯಾನಿಕ್ ಆಮ್ಲ, ಮೇಲೆ ಬೇಕಾದಾಗ ತೆಗೆಯಬಹುದಾದ ಮೇಣ: ಹೀಗೆ ಅವರು ಬಳಸುವ ಲೇಪಗಳೇ ಬೇರೆ. ಮನೆಯವರು ಕೇಳಿದರೆ ಮೆಹ್ರೌಲಿಯ ಕಂಬದ ಮೇಲ್ಭಾಗ, ಕೆಳಭಾಗ ಎರಡರ ಕಥೆಯನ್ನೂ ಹೇಳಿ. ಕಾಳಜಿ ಒಳ್ಳೆಯದೇ, ಆದರೆ ಕೈ ಹಾಕುವ ಮೊದಲು ಲೋಹವನ್ನು ಕೇಳಬೇಕು.