ಬೀಡಿಯ ಬ್ರಾಂಚೂ ಮನೆಯ ಜಗಲಿಯೂ

ವಾರದ ಕೆಲವು ದಿನ ಕಚೇರಿಗೆ ಬಂದು ಉಳಿದ ದಿನಗಳಲ್ಲಿ ಮನೆಯಲ್ಲಿಯೇ ಕುಳಿತು ದುಡಿಯುವ ಏರ್ಪಾಡನ್ನು ನಮ್ಮ ಕಾಲದ ನೂತನ ಸೃಷ್ಟಿಯೆಂದು ಬೆಂಗಳೂರಿನ ಕಂಪನಿಗಳು ಭಾವಿಸಿಕೊಂಡಿವೆ. ಕಣ್ಣೆದುರಿಗೆ ಇಲ್ಲದ ಕೆಲಸಗಾರನ ದುಡಿಮೆಯನ್ನು ಅಳೆಯುವುದು ಹೇಗೆ, ಅವನ ರಜೆಯನ್ನು ಎಣಿಸುವುದು ಹೇಗೆ, ಅವನ ಮನೆಯ ದೀಪಕ್ಕೂ ಉಪಕರಣಕ್ಕೂ ಹಣ ತೆರಬೇಕಾದವರು ಯಾರು ಎಂಬ ಪ್ರಶ್ನೆಗಳನ್ನು ಅಲ್ಲಿನ ಸಿಬ್ಬಂದಿ ವಿಭಾಗದವರು ಹಿಂದೆಂದೂ ಯಾರೂ ಕೇಳಿರದ ಪ್ರಶ್ನೆಗಳೆಂಬಂತೆ ಚರ್ಚಿಸುತ್ತಿದ್ದಾರೆ. ಆದರೆ ಅದೇ ನಾಡಿನ ಪಶ್ಚಿಮದ ಅಂಚಿನಲ್ಲಿ, ಮಂಗಳೂರು ಬಂಟ್ವಾಳ ಪುತ್ತೂರುಗಳ ಸುತ್ತಲಿನ ಹಳ್ಳಿಗಳಲ್ಲಿ, ಈ ಪ್ರಶ್ನೆಗಳೆಲ್ಲವೂ ಎರಡು ಮೂರು ತಲೆಮಾರುಗಳ ಹಿಂದೆಯೇ ಹುಟ್ಟಿ, ಬೀದಿಯಲ್ಲಿಯೂ ಶಾಸನಸಭೆಯಲ್ಲಿಯೂ ನ್ಯಾಯಾಲಯದಲ್ಲಿಯೂ ಹೋರಾಟಕ್ಕೆ ಒಳಗಾಗಿ, ಅಲ್ಪಸ್ವಲ್ಪ ಉತ್ತರವನ್ನೂ ಪಡೆದಿದ್ದವು. ಅವುಗಳನ್ನು ಎತ್ತಿದವರು ಬೀಡಿ ಕಟ್ಟುವ ಜನ. ಈ ಚರಿತ್ರೆಯು ಅವರ ಹೆಸರಿನಲ್ಲಿ ದಾಖಲಾಗಬೇಕೆಂಬುದು ನನ್ನ ಆಗ್ರಹ.

ಮಂಗಳೂರಿನ ಕೈಗಾರಿಕೆಯು ಮೊದಲು ಹಿಡಿದ ದಾರಿ ಬೇರೆಯದಾಗಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಾಗ, ಆವೆಯೂ ಅಚ್ಚೂ ಯಂತ್ರವೂ ಇದ್ದ ಸ್ಥಳಕ್ಕೆ ಕೂಲಿಯವನು ಗೊತ್ತಾದ ಹೊತ್ತಿಗೆ ಬರಲೇಬೇಕಾಗಿತ್ತು. ಜೇಡಿಮಣ್ಣನ್ನು ಮನೆಗೆ ಹೊತ್ತುಕೊಂಡು ಹೋಗಿ ಹಂಚು ಸುಡುವುದು ಯಾರಿಗೂ ಸಾಧ್ಯವಿರಲಿಲ್ಲ. ಆದುದರಿಂದ ಯಜಮಾನನ ಕಣ್ಣೂ ಕೆಲಸಗಾರನ ಕೈಯೂ ಒಂದೇ ಚಾವಣಿಯ ಕೆಳಗೆ ಇದ್ದವು. ಬೀಡಿಯಾದರೋ ಯಂತ್ರವನ್ನೇ ಬೇಡದ ಸರಕು. ಮಧ್ಯಭಾರತದ ಅರಣ್ಯಗಳಿಂದ ಬರುವ ಎಲೆ, ಅದರೊಳಗೆ ತುಂಬುವ ಹೊಗೆಸೊಪ್ಪಿನ ಹುಡಿ, ಕಟ್ಟಲು ಒಂದೆಳೆ ನೂಲು, ಒಂದು ಕತ್ತರಿ, ಮಡಿಲಿನ ಮೇಲೊಂದು ತಡ್ಪೆ, ಎಂದರೆ ಮೊರ, ಇಷ್ಟಿದ್ದರೆ ಮನೆಯೇ ಕಾರ್ಖಾನೆಯಾಗುತ್ತದೆ. ಮೊದಮೊದಲು ಅಂಗಡಿಯ ಅಟ್ಟಗಳಲ್ಲಿಯೂ ಬಾಡಿಗೆಯ ಕೊಟ್ಟಿಗೆಗಳಲ್ಲಿಯೂ ಗಂಡಸರು ಸಾಲಾಗಿ ಕುಳಿತು ಮಾಡುತ್ತಿದ್ದ ಈ ಕೆಲಸವು ಬರಬರುತ್ತ ಹಳ್ಳಿಯ ಹೆಂಗಸರ ಕೈಗೆ ಸೇರಿ ಮನೆಯ ಜಗಲಿಯನ್ನೇರಿದುದು ಈ ಸೌಲಭ್ಯದಿಂದಲೇ.

ಆ ದುಡಿಮೆಯ ಕ್ರಮವನ್ನು ಹತ್ತಿರದಿಂದ ನೋಡಬೇಕು. ಎಲೆಯನ್ನು ಕೊಟ್ಟು ಕಟ್ಟಿದ ಬೀಡಿಯನ್ನು ಪಡೆಯುವ ಕೇಂದ್ರವಾದ ಬೀಡಿಯ ಬ್ರಾಂಚಿನಲ್ಲಿ ತೂಗಿ ಕೊಟ್ಟ ಎಲೆಯನ್ನು ಮನೆಗೆ ತಂದು, ನೀರಿನಲ್ಲಿ ನೆನೆಯಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೆತ್ತಗಾಗಿಸುವರು. ಬಳಿಕ ತಗಡಿನ ಅಳತೆಯನ್ನು ಎಲೆಯ ಮೇಲಿಟ್ಟು, ನರ ಅಡ್ಡಬಾರದಂತೆ ಕತ್ತರಿಸಿ, ಹುಡಿಯನ್ನು ತುಂಬಿ ಸುರುಳಿ ಸುತ್ತಿ, ತುದಿಯನ್ನು ಮಡಚಿ ನೂಲಿನಿಂದ ಬಿಗಿಯುವರು. ನೂರಾರು ಸಲ ಪುನರಾವರ್ತನೆಗೊಳ್ಳುವ ಈ ಕ್ರಿಯೆಯಲ್ಲಿ ಬೆರಳು ನಿಲ್ಲುವುದಿಲ್ಲ. ಕಣ್ಣು ಮಾತ್ರ ಒಲೆಯ ಮೇಲಿನ ಅನ್ನದ ಕಡೆಗೂ ತೊಟ್ಟಿಲಿನ ಕಡೆಗೂ ಹರಿಯುತ್ತಿರುತ್ತದೆ. ಮರಳಿ ಬ್ರಾಂಚಿಗೆ ಬಂದಾಗ ಚೆಕ್ಕರನು ಒಂದೊಂದು ಕಟ್ಟನ್ನೂ ಕೈಯಲ್ಲಿ ಹಿಡಿದು ಒತ್ತಿ ನೋಡಿ, ಸಡಿಲವಾದುದನ್ನೂ ಬಣ್ಣಗೆಟ್ಟುದನ್ನೂ ಬದಿಗೆ ಸರಿಸಿ, ಉಳಿದುದನ್ನು ಎಣಿಸಿ ಪುಸ್ತಕದಲ್ಲಿ ಬರೆಯುವನು. ಕೂಲಿಯು ಸಾವಿರ ಬೀಡಿಯ ಲೆಕ್ಕದಲ್ಲಿ. ಎಲೆ ಹಳಸಾಗಿದ್ದು ಗೊತ್ತುಮಾಡಿದ ಸಂಖ್ಯೆಗೆ ಸಾಲದೆ ಹೋದರೆ, ಕೊರತೆಯ ಎಲೆಯನ್ನು ಅಂಗಡಿಯಿಂದ ತನ್ನ ಹಣದಲ್ಲಿಯೇ ತಂದು ತುಂಬಿಕೊಡಬೇಕಾದ ಸಂಕಟವು ಕಟ್ಟುವವಳದು. ದಿನವೆಲ್ಲ ಆಕೆಯ ಮೇಲೆ ಯಾರ ಕಣ್ಣೂ ಇಲ್ಲದಿದ್ದರೂ ಚೆಕ್ಕರನ ಕೈ ಆ ಕಟ್ಟಿನ ಮೇಲೆ ತಂಗುವ ಕ್ಷಣದಲ್ಲಿ ಯಜಮಾನನ ಅಧಿಕಾರವೆಲ್ಲವೂ ಅಲ್ಲಿ ಪ್ರತ್ಯಕ್ಷವಾಗುತ್ತದೆ.

ಈ ವ್ಯವಸ್ಥೆಯು ಒಡೆಯರಿಗೆ ಏಕೆ ಹಿತವಾಯಿತೆಂಬುದನ್ನು ಬಲ್ಲೆವು. ಕಟ್ಟಡದ ಬಾಡಿಗೆಯಿಲ್ಲ, ದೀಪದ ಖರ್ಚಿಲ್ಲ, ಕಾರ್ಖಾನೆಯ ಕಾಯಿದೆಯ ಕಾಟವಿಲ್ಲ. ಒಡೆಯನಿಗೂ ಕಟ್ಟುವವಳಿಗೂ ನಡುವೆ ಕಂತ್ರಾಟುದಾರನೊಬ್ಬನು ನಿಂತುದರಿಂದ ಆಕೆಯು ಯಾರ ಆಳೆಂಬುದೇ ಮಸುಕಾಯಿತು. ಕೆಲವು ಕಡೆಗಳಲ್ಲಿ ಎಲೆ ಹೊಗೆಸೊಪ್ಪುಗಳನ್ನು ಆಕೆಗೆ ಮಾರಿದಂತೆಯೂ ಬೀಡಿಯನ್ನು ಆಕೆಯಿಂದ ಕೊಂಡಂತೆಯೂ ಲೆಕ್ಕ ಬರೆದು, ಕೂಲಿಯವಳನ್ನು ವ್ಯಾಪಾರಿಯನ್ನಾಗಿ ತೋರಿಸುವ ಉಪಾಯವೂ ನಡೆಯಿತು. ಒಂದು ರಾಜ್ಯದಲ್ಲಿ ಕಟ್ಟುನಿಟ್ಟಿನ ಶಾಸನ ಬಂದೊಡನೆ ಉದ್ಯಮವು ಗಡಿಯಾಚೆಗೆ ಜಾರುತ್ತಿತ್ತು. ಮದರಾಸು 1958ರಲ್ಲಿಯೂ ಕೇರಳ 1961ರಲ್ಲಿಯೂ ಪ್ರತ್ಯೇಕ ಶಾಸನಗಳನ್ನು ಮಾಡಿದರೂ ಅವು ಪೂರ್ಣಫಲ ಕೊಡದೆ ಹೋದುದಕ್ಕೆ ಇದೇ ಕಾರಣ. 1966ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿದುದಕ್ಕೂ ಇದೇ ಕಾರಣ.

ಆ ಕಾಯಿದೆಯು ಜಾರಿಗೆ ಬರುವ ಸಂದರ್ಭದಲ್ಲಿ ಒಂದೇ ಉದ್ಯಮವು ಎರಡು ದಾರಿಗಳಾಗಿ ಕವಲೊಡೆದುದು ಬಹಳ ಬೋಧಪ್ರದವಾದ ಘಟನೆ. ಕಣ್ಣೂರಿನಲ್ಲಿ ಬೀಡಿ ಕಟ್ಟುವವರು ಶೆಡ್ಡುಗಳಲ್ಲಿ ಒಟ್ಟಾಗಿ ಕುಳಿತು ದುಡಿಯುತ್ತಿದ್ದರು. ಕೈ ಕೆಲಸದಲ್ಲಿದ್ದರೂ ಕಿವಿ ಬಿಡುವಾಗಿರುತ್ತಿದ್ದುದರಿಂದ ತಮ್ಮಲ್ಲೊಬ್ಬನು ಪತ್ರಿಕೆಯನ್ನು ಗಟ್ಟಿಯಾಗಿ ಓದುವಂತೆ ಮಾಡಿ, ಅವನ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಿಕೊಡುವ ಪದ್ಧತಿಯು ಅಲ್ಲಿ ಬೆಳೆದಿತ್ತು. ಆ ಶೆಡ್ಡುಗಳು ಜನರ ಪಾಠಶಾಲೆಗಳಾಗಿದ್ದವೆಂದರೆ ಉತ್ಪ್ರೇಕ್ಷೆಯಲ್ಲ. ಹೊಸ ಕಾಯಿದೆಯ ಹೊರೆಯನ್ನು ಒಪ್ಪಲೊಲ್ಲದೆ ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳು 1968ರಲ್ಲಿ ಕಣ್ಣೂರಿನ ತಮ್ಮ ಕೆಲಸವನ್ನು ನಿಲ್ಲಿಸಿದಾಗ ಸುಮಾರು 12,000 ಮಂದಿ ನಿರುದ್ಯೋಗಿಗಳಾದರು. ಮರುವರ್ಷವೇ ಅವರು ಕೇರಳ ಸರ್ಕಾರದ ನೆರವಿನಿಂದ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿ, ಶೆಡ್ಡಿನ ಒಟ್ಟುಬಾಳನ್ನು ಉಳಿಸಿಕೊಂಡರು. ನಮ್ಮ ತುಳುನಾಡಿನಲ್ಲಿ ಮಾತ್ರ ಮನೆಗೆಲಸವೇ ವ್ಯಾಪಿಸಿತು. ಇಲ್ಲಿನ ಕಾರ್ಮಿಕ ಸಂಘಗಳು ಸಾವಿರಾರು ಚದುರಿದ ಜಗಲಿಗಳನ್ನು ಒಂದುಗೂಡಿಸಲು ಪಟ್ಟ ಶ್ರಮವು ಸಾಮಾನ್ಯವಾದುದಲ್ಲ. ಪರಸ್ಪರ ಮುಖ ನೋಡದ ಕೂಲಿಯವರು ಒಂದಾಗಿ ಮಾತಾಡಬೇಕಾದರೆ ಅವರೆಲ್ಲರೂ ಸೇರುವ ಒಂದೇ ತಾಣವಾದ ಬ್ರಾಂಚಿನ ಬಾಗಿಲಿನಲ್ಲಿಯೇ ಸಂಘವೂ ಕಾದು ನಿಲ್ಲಬೇಕಾಯಿತು.

ಮನೆಯಲ್ಲಿ ಕುಳಿತವರು ಕೆಲಸಗಾರರೇ ಅಲ್ಲವೆಂಬ ವಾದವು ನ್ಯಾಯಾಲಯದಲ್ಲಿ ನಡೆದ ರೀತಿಯು ಇನ್ನೊಂದು ಸ್ವಾರಸ್ಯದ ಅಧ್ಯಾಯ. 1958ರಲ್ಲಿ ಮಧ್ಯಪ್ರದೇಶದ ಒಂದು ಮೊಕದ್ದಮೆಯಲ್ಲಿ, ಹೊಗೆಸೊಪ್ಪನ್ನು ಒಯ್ದು ಹೊರಗೆ ಬೀಡಿ ಕಟ್ಟಿಸಿ ತರುವ ಸಟ್ಟೇದಾರರು ಕಾರ್ಖಾನೆಯ ಕೆಲಸಗಾರರಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಮೂರೇ ವರ್ಷದಲ್ಲಿ, ನಾಗಪುರದ ಕಡೆಯಿಂದ ಬಂದ ಬಿರ್ಧಿಚಂದ್ ಶರ್ಮಾ ಮೊಕದ್ದಮೆಯಲ್ಲಿ, ಹೊತ್ತಿನ ಕಟ್ಟಿಲ್ಲದೆ ಬೇಕೆಂದಾಗ ಬಂದು ಹೋಗುವ ಬೀಡಿಯ ಆಳುಗಳೂ ರಜೆಯ ಕೂಲಿಗೆ ಅರ್ಹರಾದ ಕೆಲಸಗಾರರೇ ಎಂದು ಅದೇ ನ್ಯಾಯಾಲಯವು ಹೇಳಿತು. ಕಟ್ಟಿ ತಂದ ಬೀಡಿಯನ್ನು ತಿರಸ್ಕರಿಸುವ ಹಕ್ಕು ಒಡೆಯನಲ್ಲಿದ್ದರೆ ಅದೇ ಹತೋಟಿಯೆಂಬುದು ಅದರ ತಿರುಳು. 1973ರಲ್ಲಿ ಆಂಧ್ರದ ಹೊಲಿಗೆಯಂಗಡಿಯೊಂದರ ಸಂಬಂಧವಾಗಿ ಬಂದ ತೀರ್ಪಿನಲ್ಲಿ ಬಟ್ಟೆಯನ್ನು ಆಗಾಗ ಮನೆಗೊಯ್ದು ಹೊಲಿದು ತರುವ ದರ್ಜಿಗಳೂ ಅಂಗಡಿಯ ನೌಕರರೇ ಎಂದು ನಿರ್ಣಯವಾಯಿತು. ಅರ್ಧ ಅಂಗಡಿ, ಅರ್ಧ ಮನೆಯಾದ ದುಡಿಮೆಯನ್ನು ನಮ್ಮ ನ್ಯಾಯಾಲಯವು ಅಂದಿಗೇ ಗುರುತಿಸಿದ್ದಿತು.

1966ರ ಕಾಯಿದೆಯ ಒಳಗನ್ನು ಓದಿದವರಿಗೆ ಅದರ ರಚನೆಕಾರರ ವಿವೇಕವೂ ಸಂಕೋಚವೂ ಒಟ್ಟಿಗೇ ಕಾಣುವುವು. ಒಡೆಯನಿಂದಲೋ ಕಂತ್ರಾಟುದಾರನಿಂದಲೋ ಕಚ್ಚಾ ಮಾಲನ್ನು ಪಡೆದು ಮನೆಯಲ್ಲಿ ಬೀಡಿ ಕಟ್ಟುವವರನ್ನು ನೌಕರರೆಂಬ ಪರಿಭಾಷೆಯೊಳಗೆ ಅದು ಸೇರಿಸಿಕೊಂಡಿತು. ಹೆರಿಗೆಯ ಸೌಲಭ್ಯವನ್ನೂ ವಿಸ್ತರಿಸಿತು. ಬೀಡಿ ತಿರಸ್ಕಾರದ ತಗಾದೆಗಳನ್ನು ತೀರಿಸಲು ಅಧಿಕಾರಿಯನ್ನು ಗೊತ್ತುಮಾಡಿತು. 29ನೆಯ ವಿಧಿಯಂತೂ, ಶೆಡ್ಡಿನಲ್ಲಿ ದುಡಿಯುವವರು ಎಲೆಯನ್ನು ನೆನೆಸಿ ಕತ್ತರಿಸುವಷ್ಟನ್ನು ಸರ್ಕಾರದ ಅನುಮತಿ ಪಡೆದು ಹೊರಗೆ ಮಾಡಬಹುದೆಂದು ಹೇಳಿ, ಅಂಥ ಹೊರಗೆಲಸದ ದಾಖಲೆಯನ್ನು ಇಡುವ ಹೊಣೆಯನ್ನು ಒಡೆಯನ ಮೇಲೆ ಹೊರಿಸಿತು. ಇಷ್ಟಾದರೂ, ದಿನಕ್ಕೆ ಒಂಬತ್ತು ಗಂಟೆಯ ಮಿತಿಯೂ ಸಂಜೆ ಏಳರ ಬಳಿಕ ಹೆಂಗಸರು ದುಡಿಯಬಾರದೆಂಬ ನಿಷೇಧವೂ ಮಕ್ಕಳ ದುಡಿಮೆಯ ನಿಷೇಧವೂ ಕೈಗಾರಿಕಾ ಆವರಣಕ್ಕೆ ಮಾತ್ರ ಅನ್ವಯಿಸುವಂತೆ ಬರೆಯಲ್ಪಟ್ಟು, ವಾಸದ ಮನೆಯು ಆವರಣವಲ್ಲವೆಂದು ಅದೇ ಕಾಯಿದೆಯು ಹೇಳಿದುದರಿಂದ, ಮನೆಯ ಹೊಸ್ತಿಲಿನಲ್ಲಿ ಗಡಿಯಾರವೇ ನಿಂತುಹೋಯಿತು. ಶೆಡ್ಡಿನಲ್ಲಿ ಅಪರಾಧವಾದ ರಾತ್ರಿಯ ದುಡಿಮೆಯು ಜಗಲಿಯಲ್ಲಿ ದಿನಚರಿಯಾಯಿತು. ಶಾಲೆಯಿಂದ ಬಂದ ಮಗುವು ಪುಸ್ತಕವನ್ನಿಟ್ಟು ತಡ್ಪೆಯ ಬಳಿ ಕುಳಿತುದು ಯಾವ ಇನ್ಸ್‌ಪೆಕ್ಟರನ ವರದಿಗೂ ಬರಲಿಲ್ಲ. ಹೊಗೆಸೊಪ್ಪಿನ ಧೂಳು ಅಡುಗೆಮನೆಯ ಗಾಳಿಯಲ್ಲಿ ಬೆರೆತುದನ್ನು ಅಳೆದವರಿಲ್ಲ.

ಈ ಕಾಯಿದೆಯನ್ನೂ ಮಾಲಿಕರು ಪ್ರಶ್ನಿಸದೆ ಬಿಡಲಿಲ್ಲ. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊದಲಾದವರು ಹೂಡಿದ ದಾವೆಯನ್ನು 1974ರಲ್ಲಿ ತೀರ್ಮಾನಿಸಿದ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣನಿಧಿ ಏರ್ಪಟ್ಟಿತು. 1977ರಲ್ಲಿ ಭವಿಷ್ಯನಿಧಿಯ ಕಾಯಿದೆಯು ಈ ಉದ್ಯಮಕ್ಕೂ ವಿಸ್ತರಿಸಿತು. ಮನೆಯಲ್ಲಿ ಕಟ್ಟುವವರಿಗೆ ಅದು ಸಲ್ಲದೆಂಬ ಕೊನೆಯ ವಾದವನ್ನು ಪಿ. ಎಂ. ಪಟೇಲ್ ಮೊಕದ್ದಮೆಯ 1985ರ ತೀರ್ಪು ತಳ್ಳಿಹಾಕಿತು. ದಿನವಿಡೀ ಬೆನ್ನ ಹಿಂದೆ ನಿಂತು ನೋಡಬೇಕಾಗಿಲ್ಲ, ಕೆಲಸವು ಒಡೆಯನ ಬಾಗಿಲಿಗೆ ಬಂದಾಗ ಒಪ್ಪುವ ಅಥವಾ ಒಪ್ಪದಿರುವ ಹಕ್ಕೇ ಸಾಕು ಎಂಬ ಮಾತು ಆಗ ಸ್ಥಿರವಾಯಿತು. ಚೆಕ್ಕರನ ಕೈಯ ಅರ್ಥವನ್ನು ನ್ಯಾಯಾಧೀಶರು ಕಂಡುಹಿಡಿದರು.

ಅಲ್ಲಿಂದೀಚೆಗೆ ಕಟ್ಟುವವಳ ಕೈಯಲ್ಲಿನ ಪಾಸ್‌ಬುಕ್ಕಿಗೆ ಹೊಸ ಬೆಲೆ ಬಂದಿತು. ಆ ಪುಸ್ತಕದಲ್ಲಿ ಹೆಸರು ಬರೆಯಲ್ಪಡದವಳಿಗೆ ಕಾನೂನಿನ ಫಲ ಸಿಗದೆಂಬ ಕಹಿಯನ್ನೂ ಜನರು ಅರಿತರು. "ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದೆ" ಎಂಬುದು ಆ ಕಡೆಯ ತಾಯಂದಿರ ಬಾಯಲ್ಲಿ ಬಹಳ ಕೇಳಿಬರುವ ಮಾತು, ಮತ್ತು ಅದು ನಿಜ. ಹೀಗೆ ಓದಿದ ಮಕ್ಕಳಲ್ಲಿ ಅನೇಕರು ಬೆಂಗಳೂರಿನ ಕಚೇರಿಗಳಲ್ಲಿದ್ದಾರೆ.

2020ರ ಮಾರ್ಚಿನಲ್ಲಿ ಆ ಕಚೇರಿಗಳೇ ಮುಚ್ಚಿ, ಅಲ್ಲಿನ ದುಡಿಮೆಯು ಮನೆಗೆ ಬಂದಿತು. 2022ರ ಜುಲೈಯಲ್ಲಿ ವಿಶೇಷ ಆರ್ಥಿಕ ವಲಯಗಳ ಕಂಪನಿಗಳಿಗೆ 43ಎ ಎಂಬ ನಿಯಮವನ್ನು ಸೇರಿಸಿ, ನೌಕರರಲ್ಲಿ ಶೇಕಡ 50ರವರೆಗೆ ಮಂದಿ ಒಂದು ವರ್ಷ ಮನೆಯಿಂದ ದುಡಿಯಬಹುದೆಂದು ಕೇಂದ್ರ ಸರ್ಕಾರವು ಅನುಮತಿಯಿತ್ತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಎಲ್ಲ ನೌಕರರಿಗೂ ವಿಸ್ತರಿಸಿತು. ಯಂತ್ರವನ್ನೂ ಭದ್ರವಾದ ಸಂಪರ್ಕವನ್ನೂ ಕಂಪನಿಯೇ ಒದಗಿಸಬೇಕೆಂದು ಆ ನಿಯಮವು ವಿಧಿಸಿದುದನ್ನು ಓದಿದಾಗ, ಕತ್ತರಿ ತಡ್ಪೆಗಳಿರಲಿ, ಕೊರತೆಯ ಎಲೆಯನ್ನೂ ತಾನೇ ಕೊಂಡುಕೊಳ್ಳಬೇಕಾಗಿದ್ದ ಬಂಟ್ವಾಳದ ಹೆಂಗಸಿಗಿಂತ ಆಕೆಯ ಮಗಳ ಸ್ಥಿತಿಯು ಎಷ್ಟೋ ಮೇಲೆಂಬ ಸಮಾಧಾನವಾಗುತ್ತದೆ. ಮನೆಯಲ್ಲಿ ದುಡಿಮೆಯ ಗಂಟೆ ಯಾವಾಗ ಮುಗಿಯುತ್ತದೆ, ರಾತ್ರಿಯ ಕರೆಗೆ ಓಗೊಡದೆ ಇರುವ ಹಕ್ಕು ಯಾರದು ಎಂಬುದನ್ನು ಮಾತ್ರ 1966ರ ಕಾಯಿದೆಯು ಹೇಗೆ ಹೇಳದೆ ಬಿಟ್ಟಿತೋ ಈ ನಿಯಮವೂ ಹಾಗೆಯೇ ಬಿಟ್ಟಿದೆ. ಅದನ್ನು ಬರೆಹದಲ್ಲಿ ತರಿಸಿಕೊಳ್ಳುವ ಕೆಲಸವು ತಾಯಂದಿರು ಬ್ರಾಂಚಿನ ಬಾಗಿಲಿನಲ್ಲಿ ಮಾಡಿದಂತೆ ಈಗ ಮಕ್ಕಳಿಗೆ ಉಳಿದಿದೆ.