ಹೊಸ್ತಿಲ ಒಳಗೇ ಓಡುವ ಸೈಕಲ್

ಪುಣೆಗೆ ಒಂದು ಕಾಲದಲ್ಲಿ ‘ಸೈಕಲ್ಲುಗಳ ಊರು’ ಎಂಬ ಹೆಸರಿತ್ತು. 1972ರಲ್ಲಿ ಇದೇ ಊರಿನ ಕೈನೆಟಿಕ್ ಎಂಜಿನಿಯರಿಂಗ್ ಕಂಪನಿ ಲೂನಾ ಮೊಪೆಡ್ ತಂದಿತು. ಬಜಾಜ್ ಚೇತಕ್ ಬಂದದ್ದೂ ಆ ವರ್ಷವೇ. ಲೂನಾಗೆ ಪೆಡಲ್ ಇತ್ತು, ಆದರೆ ಅದನ್ನು ತುಳಿಯುವ ಕಷ್ಟ ಹೆಚ್ಚಿರಲಿಲ್ಲ. ಸೈಕಲ್ ಊರು ಮೋಟಾರಿನ ಊರಾದದ್ದು ಹೀಗೆ, ತನ್ನದೇ ಕಾರ್ಖಾನೆಗಳ ಕೈಯಿಂದ.

ಈಗ ಕೋಥರೂಡ್, ಔಂಧ್, ಬಾಣೇರ್ ಕಡೆಯ ಫ್ಲ್ಯಾಟುಗಳಲ್ಲಿ ಬೆಳಗಿನ ಜಾವ ಇನ್ನೊಂದು ಬಗೆಯ ಸೈಕಲ್ ಓಡುತ್ತದೆ. ಹಿಂದಿನ ಚಕ್ರ ಬಿಚ್ಚಿ ‘ಸ್ಮಾರ್ಟ್ ಟ್ರೇನರ್’ ಎಂಬ ಯಂತ್ರಕ್ಕೆ ಕಟ್ಟಿದ ಸೈಕಲ್, ಎದುರಿಗೊಂದು ಪರದೆ, ಪಕ್ಕದಲ್ಲಿ ಫ್ಯಾನು. ಬೆವರು ಹರಿಯುತ್ತದೆ, ಸೈಕಲ್ ಮಾತ್ರ ಇದ್ದಲ್ಲೇ ಇರುತ್ತದೆ. ಹೀಗೆ ತುಳಿಯುವವರು ಸೇರಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಕ್ರಮಬದ್ಧ ತರಬೇತಿಗೆ ಯಾವ ಆ್ಯಪ್ ಒಳ್ಳೆಯದು? ಸೌಲಭ್ಯಗಳ ಪಟ್ಟಿ ನೋಡಿದರೆ ಎಲ್ಲವೂ ಒಂದೇ ತರಹ ಕಾಣುತ್ತವೆ. ಅವುಗಳ ವಂಶಾವಳಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಮೊದಲ ವಂಶ ಪ್ರಯೋಗಾಲಯದ್ದು. 1796ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಲೌಂಡ್ಸ್ ಎಂಬಾತ ‘ಜಿಮ್ನಾಸ್ಟಿಕನ್’ ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದ. ಕೀಲುನೋವಿನವರು ನಿಂತಲ್ಲೇ ಕೈಕಾಲು ಆಡಿಸಲೆಂದು ಮಾಡಿದ್ದು ಅದು. ಸೈಕಲ್ ಇನ್ನೂ ಹುಟ್ಟಿಯೇ ಇರಲಿಲ್ಲ, ನಿಂತ ಸೈಕಲ್ಲಿನ ಅಣ್ಣ ಮೊದಲೇ ಹುಟ್ಟಿದ್ದ. 1913ರಲ್ಲಿ ಕೋಪನ್‌ಹೇಗನ್ನಿನ ಆಗಸ್ಟ್ ಕ್ರೋಗ್ ಸೈಕಲ್ ಎರ್ಗೋಮೀಟರ್ ಕಟ್ಟಿದರು. ಮನುಷ್ಯ ಎಷ್ಟು ಕೆಲಸ ಮಾಡಿದ, ಅದಕ್ಕೆ ಎಷ್ಟು ಉಸಿರು ಖರ್ಚಾಯಿತು ಎಂದು ಅಳೆಯುವ ಯಂತ್ರ ಅದು. ಅಳೆಯುವ ಆ ಹುಚ್ಚು ಯುರೋಪಿಗಷ್ಟೇ ಸೇರಿದ್ದಲ್ಲ. 1924ರಲ್ಲಿ ಪುಣೆ ಜಿಲ್ಲೆಯ ಲೋಣಾವಳದಲ್ಲಿ ಸ್ವಾಮಿ ಕುವಲಯಾನಂದರು ಕೈವಲ್ಯಧಾಮ ಕಟ್ಟಿ, ಆಸನ ಪ್ರಾಣಾಯಾಮಗಳನ್ನು ಉಪಕರಣಗಳಿಂದ ಪರೀಕ್ಷಿಸಲು ಹೊರಟರು. 1930ರ ದಶಕದಲ್ಲಿ ಜರ್ಮನಿಯಲ್ಲಿ ಕೋಚ್ ಗೆರ್ಶ್ಲರ್ ಮತ್ತು ವೈದ್ಯ ರೈಂಡೆಲ್ ನಾಡಿಬಡಿತ ನೋಡಿಕೊಂಡು ಓಟ, ವಿಶ್ರಾಂತಿ, ಮತ್ತೆ ಓಟ ಎಂಬ ಕ್ರಮವನ್ನು ರೂಪಿಸಿದರು. ಇಂದಿನ ಆ್ಯಪುಗಳ ‘ಇಂಟರ್ವಲ್’ ಅಲ್ಲಿಂದ ಬಂದದ್ದು.

ಎರಡನೆಯ ವಂಶ ಅಂಚೆಯದ್ದು. ಇದು ನಮಗೆ ಹತ್ತಿರದ ಕಥೆ. ಕೆ.ವಿ. ಅಯ್ಯರ್ ಎಂದರೆ ಕನ್ನಡದ ಓದುಗರಿಗೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರು. ಅದಕ್ಕೂ ಮೊದಲು ಅವರು ಬೆಂಗಳೂರಿನ ಹರ್ಕ್ಯುಲೀಸ್ ಜಿಮ್ನೇಷಿಯಂ ನಡೆಸಿದ ಅಂಗಸಾಧಕರು, ಅಂಚೆಯ ಮೂಲಕ ವ್ಯಾಯಾಮ ಕಲಿಸಿದವರು. ದುಡ್ಡು ಕಳಿಸಿದವನ ಮನೆಗೇ ಪಾಠ ಬರುತ್ತಿತ್ತು. ಗರಡಿಮನೆಯಲ್ಲಿ ಗುರು ಶಿಷ್ಯನ ಮೈ ನೋಡಿ ‘ಇವತ್ತು ಇಷ್ಟು ಸಾಕು’ ಎನ್ನುತ್ತಿದ್ದ. ಅಂಚೆ ಪಾಠದ ಗುರುವಿಗೆ ಶಿಷ್ಯ ಕಾಣುತ್ತಿರಲಿಲ್ಲ. ಆದ್ದರಿಂದ ಗುರುವಿನ ಕಣ್ಣು ಮಾಡುತ್ತಿದ್ದ ಕೆಲಸವನ್ನು ಅಂಥ ಪಾಠದಲ್ಲಿ ಲೆಕ್ಕ ಮಾಡಬೇಕು: ಯಾವ ದಿನ ಏನು, ಎಷ್ಟು ಸಲ. ತಿಂಗಳ ಚಂದಾ ಕಟ್ಟಿ ಮನೆಯಲ್ಲಿ ತರಬೇತಿ ಪಡೆಯುವ ವ್ಯವಸ್ಥೆ ಆ್ಯಪಿಗಿಂತ ಬಹಳ ಹಳೆಯದು.

ಇವೆರಡನ್ನೂ ಬೆಸೆದದ್ದು ಒಂದು ಅಂಕಿ. 1986ರಲ್ಲಿ ಜರ್ಮನಿಯ ಉಲ್ರಿಚ್ ಶೋಬೆರರ್ ಸೈಕಲ್ಲಿಗೇ ಕೂರಿಸಬಹುದಾದ ಪವರ್ ಮೀಟರ್ ಮಾಡಿದರು. ತುಳಿತದ ಬಲ ವ್ಯಾಟ್‌ಗಳಲ್ಲಿ ಕಾಣತೊಡಗಿತು. 2006ರಲ್ಲಿ ಹಂಟರ್ ಆ್ಯಲನ್ ಮತ್ತು ಆ್ಯಂಡ್ರ್ಯೂ ಕಾಗನ್ ಬರೆದ ಪುಸ್ತಕ ಎಫ್‌ಟಿಪಿ, ಅಂದರೆ ‘ಫಂಕ್ಷನಲ್ ಥ್ರೆಶೋಲ್ಡ್ ಪವರ್’ ಎಂಬ ಮಾತನ್ನು ಮನೆಮಾತಾಗಿಸಿತು. ಸುಮಾರು ಒಂದು ಗಂಟೆ ಹಿಡಿದಿಟ್ಟುಕೊಳ್ಳಬಲ್ಲ ಶಕ್ತಿ ಎಂದು ಸ್ಥೂಲವಾಗಿ ಹೇಳಬಹುದು. ಇಪ್ಪತ್ತು ನಿಮಿಷ ಪೂರ್ತಿ ದಮ್ಮು ಕಟ್ಟಿ ತುಳಿದು, ಬಂದ ಸರಾಸರಿಯ 95%ರಷ್ಟನ್ನು ತೆಗೆದುಕೊಳ್ಳುವುದು ರೂಢಿ. ಸರಾಸರಿ 200 ವ್ಯಾಟ್ ಬಂದರೆ ಎಫ್‌ಟಿಪಿ 190. ಆಮೇಲಿನ ಎಲ್ಲ ಪಾಠಗಳೂ ಈ ಒಂದು ಅಂಕಿಯ ಶೇಕಡಾವಾರು.

ಥ್ರೆಶೋಲ್ಡ್ ಅಂದರೆ ಕನ್ನಡದಲ್ಲಿ ಹೊಸ್ತಿಲು. ಅನುವಾದದ ಕೆಲಸ ಮಾಡುವವಳಿಗೆ ಈ ಪದ ಇಷ್ಟ. ಹೊಸ್ತಿಲು ಗೋಡೆಯಲ್ಲ, ದಾಟಬಹುದು, ದಾಟಿದ ಮೇಲೆ ಲೆಕ್ಕ ಬೇರೆ. ಈಚೆ ಬಹಳ ಹೊತ್ತು ಇರಬಹುದು, ಆಚೆ ಕೆಲವೇ ನಿಮಿಷ. ಆ್ಯಪುಗಳ ನಡುವಿನ ನಿಜವಾದ ಭಿನ್ನಾಭಿಪ್ರಾಯ ಈ ಹೊಸ್ತಿಲು ಎಲ್ಲಿದೆ ಎಂದು ಯಾರು ಹೇಳಬೇಕು ಎಂಬುದೇ.

2011ರಲ್ಲಿ ಅಮೆರಿಕದ ನೆವಾಡಾದಲ್ಲಿ ಶುರುವಾದ ಟ್ರೇನರ್‌ರೋಡ್ ಅಂಚೆ ಪಾಠದ ನೇರ ಮೊಮ್ಮಗ. ಪರದೆಯ ಮೇಲೆ ಊರಿಲ್ಲ, ಬೆಟ್ಟವಿಲ್ಲ. ನೀಲಿ ಬಣ್ಣದ ಗ್ರಾಫ್ ಒಂದೇ. 2021ರಿಂದ ಅದು ಹಿಂದಿನ ಪಾಠಗಳಲ್ಲಿ ನೀವು ಗೆದ್ದಿರೋ ಸೋತಿರೋ ನೋಡಿ ಮುಂದಿನ ಪಾಠ ಬದಲಿಸುತ್ತದೆ. ಮರುವರ್ಷದಿಂದ ಪರೀಕ್ಷೆಯಿಲ್ಲದೆಯೇ ಎಫ್‌ಟಿಪಿ ಅಂದಾಜು ಮಾಡುತ್ತದೆ. ದಿ ಸಫರ್‌ಫೆಸ್ಟ್ ಹುಟ್ಟಿದ್ದು ವಿಡಿಯೋಗಳಾಗಿ. 2019ರಲ್ಲಿ ವಾಹೂ ಕಂಪನಿ ಕೊಂಡಿತು, 2021ರಲ್ಲಿ ‘ಸಿಸ್ಟಮ್’ ಎಂಬ ಹೆಸರಾಯಿತು. ಒಂದೇ ಅಂಕಿ ಸಾಲದು ಎಂಬುದು ಅದರ ವಾದ: 5 ಸೆಕೆಂಡು, 1 ನಿಮಿಷ, 5 ನಿಮಿಷ, 20 ನಿಮಿಷ, ಹೀಗೆ ನಾಲ್ಕು ಅಳತೆ. ಗಟ್ಟಿ ಓಟಗಾರನಿಗೂ ದೂರದ ಸವಾರನಿಗೂ ಹೊಸ್ತಿಲು ಒಂದೇ ಇದ್ದರೂ ಕಾಲುಗಳು ಬೇರೆ ಎಂದು ಅದಕ್ಕೆ ಗೊತ್ತು.

ಜ್ವಿಫ್ಟ್ ಬೇರೆಯೇ ಮನೆತನ, ಆಟದ್ದು. 2014ರಲ್ಲಿ ಬಂದ ಅದರಲ್ಲಿ ವಾಟೋಪಿಯಾ ಎಂಬ ಕಲ್ಪಿತ ದ್ವೀಪವಿದೆ, ಜೊತೆಗೆ ತುಳಿಯುವ ಜನರಿದ್ದಾರೆ. ಕ್ರಮಬದ್ಧ ಪಾಠಗಳೂ ಇವೆ, ಆದರೆ ಪಕ್ಕದಲ್ಲಿ ಯಾರೋ ಮುಂದೆ ಹೋದರೆ ಪಾಠ ಬಿಟ್ಟು ಬೆನ್ನು ಹತ್ತುವ ಆಸೆ ಬರುತ್ತದೆ. 2020ರ ಡಿಸೆಂಬರಿನಲ್ಲಿ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಇಲ್ಲೇ. 2024ರಲ್ಲಿ ಆ ಸ್ಪರ್ಧೆ ಅಬುಧಾಬಿಯ ಮೈವೂಶ್‌ಗೆ ಹೋಯಿತು, ಮೈವೂಶ್ ಉಚಿತ. ಡಾಲರಿನ ಚಂದಾ ಭಾರವೆನಿಸುವ ನಮ್ಮಂಥ ಕಡೆ ಅದೇ ದೊಡ್ಡ ಗುಣ.

ಹಾಗಾದರೆ ಯಾವುದು? ಸ್ಪರ್ಧೆಯ ದಿನಾಂಕ ಗೊತ್ತಿದ್ದು, ವಾರಕ್ಕೆ ಮೂರು ನಾಲ್ಕು ಗಂಟೆ ಮಾತ್ರ ಸಿಗುವವರಿಗೆ ಟ್ರೇನರ್‌ರೋಡ್. ತನ್ನ ದೌರ್ಬಲ್ಯ ಎಲ್ಲಿ ಎಂದು ತಿಳಿಯಬೇಕಾದವರಿಗೆ ಸಿಸ್ಟಮ್. ಒಬ್ಬರೇ ತುಳಿದರೆ ವಾರದಲ್ಲೇ ಬೇಸರವಾಗುವವರಿಗೆ ಜ್ವಿಫ್ಟ್ ಅಥವಾ ಮೈವೂಶ್. ಬಿಟ್ಟುಹೋಗುವ ಒಳ್ಳೆಯ ಯೋಜನೆಗಿಂತ ಮುಂದುವರಿಯುವ ಸಾಧಾರಣ ಯೋಜನೆಯೇ ಮೇಲು.

ಆದರೆ ಯಾವ ಆ್ಯಪಿಗೂ ಪುಣೆಯ ಏಪ್ರಿಲ್ ಗೊತ್ತಿಲ್ಲ. ‘ಎರ್ಗ್’ ಕ್ರಮದಲ್ಲಿ ಯಂತ್ರ 180 ವ್ಯಾಟ್ ಎಂದರೆ 180 ತೆಗೆದೇ ತೀರುತ್ತದೆ. ಸುಸ್ತಾಗಿ ಕಾಲು ನಿಧಾನವಾದಷ್ಟೂ ಪೆಡಲ್ ಭಾರವಾಗಿ, ಕೊನೆಗೆ ಕಾಲೇ ನಿಲ್ಲುತ್ತದೆ. ಮುಚ್ಚಿದ ಕೋಣೆಯ ಸೆಕೆಯಲ್ಲಿ ಹೃದಯ ಹೆಚ್ಚು ಬಡಿಯುತ್ತದೆ. ಜನವರಿಯಲ್ಲಿ ಹೊಸ್ತಿಲ ಈಚೆ ಇದ್ದ ಅಂಕಿ ಏಪ್ರಿಲಿನಲ್ಲಿ ಆಚೆ ಹೋಗಿರುತ್ತದೆ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಇದಕ್ಕೆ ಸರಳ ಉಪಾಯ ಕೊಟ್ಟಿದ್ದರು: ಶ್ರಮ ಎಷ್ಟೆನಿಸುತ್ತಿದೆ ಎಂದು ತುಳಿಯುವವರನ್ನೇ ಕೇಳಿ, 6ರಿಂದ 20ರೊಳಗೆ ಅಂಕ ಕೊಡಿಸುವುದು. ಗರಡಿಮನೆಯ ಗುರುವಿನ ಕಣ್ಣನ್ನು ಅವರು ನಮ್ಮೊಳಗೇ ಇಟ್ಟರು. ಆ್ಯಪಿನ ಅಂಕಿಯ ಪಕ್ಕದಲ್ಲಿ ಈ ಅಂಕವನ್ನೂ ದಿನಾ ಬರೆದಿಡಿ. ಎರಡೂ ಜಗಳವಾಡಿದ ದಿನ ಮೈಯ ಮಾತು ಕೇಳಿ.

ಇನ್ನೊಂದು ಲೆಕ್ಕ ಊರಿನದು. ಮುಂಬೈ–ಪುಣೆ ಸೈಕಲ್ ರೇಸಿನಲ್ಲಿ ಬೋರ್ ಘಾಟ್ ಮೊದಲು ಹತ್ತಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ಪದಕ ಗೆಲ್ಲುವುದನ್ನು ಕಲಿತದ್ದು ರಸ್ತೆಯ ಮೇಲೆ. ತಿರುವಿನಲ್ಲಿ ಬ್ರೇಕ್ ಹಿಡಿಯುವುದು, ಎದುರುಗಾಳಿಗೆ ಒಬ್ಬರ ಹಿಂದೊಬ್ಬರು ಅವಿತು ಸಾಗುವುದು ಕೋಣೆಯೊಳಗೆ ಬರುವ ವಿದ್ಯೆಯಲ್ಲ. ಪುಣೆಯ ಜನ ಒಳಗೆ ತುಳಿಯುವುದು ಆ್ಯಪ್ ಚೆನ್ನಾಗಿದೆ ಎಂದಷ್ಟೇ ಅಲ್ಲ, ಹೊರಗಿನ ರಸ್ತೆಯ ಭಯಕ್ಕೂ ಹೌದು. 2017ರಲ್ಲಿ ಮಹಾನಗರಪಾಲಿಕೆ ಇಡೀ ಊರಿಗೊಂದು ಸೈಕಲ್ ಯೋಜನೆ ಒಪ್ಪಿತು. ಅದರ ಹಿಂದೆಯೇ ಬಂದ ಬಾಡಿಗೆ ಸೈಕಲ್ಲುಗಳು ಕೆಲವೇ ವರ್ಷಗಳಲ್ಲಿ ಕಣ್ಮರೆಯಾದವು. ಒಳ್ಳೆಯ ಆ್ಯಪ್ ಕಾಲನ್ನು ಗಟ್ಟಿ ಮಾಡಿಕೊಡುತ್ತದೆ. ಆ ಕಾಲು ಮನೆಯ ಹೊಸ್ತಿಲು ದಾಟಿ ನಿರ್ಭಯವಾಗಿ ಹೋಗುವ ದಾರಿಯನ್ನು ಮಾತ್ರ ಊರೇ ಮಾಡಿಕೊಡಬೇಕು.