ಕುದುರೆಯೇರಿ ಹೋದ ನರ್ಸುಗಳ ಪಾಠಶಾಲೆ

ದೊಡ್ಡಾಸ್ಪತ್ರೆಯಲ್ಲಿ ಕಲಿತ ವಿದ್ಯೆ ಗುಡ್ಡದ ಒಂಟಿ ಮನೆಯಲ್ಲಿ ಸಾಕಾಗುತ್ತದೆಯೇ? ಅಮೆರಿಕದ ಕೆಂಟಕಿ ರಾಜ್ಯದ ಬೆಟ್ಟಸೀಮೆಯಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರವೇ ಇಂದಿನ ವಿಷಯ.

ಮೇರಿ ಬ್ರೆಕಿನ್‌ರಿಜ್ ಎಂಬವರು ತಮ್ಮ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ನರ್ಸ್. ಇಂಗ್ಲೆಂಡಿಗೆ ಹೋಗಿ ಹೆರಿಗೆ ವಿದ್ಯೆ ಕಲಿತು, 1925ರಲ್ಲಿ ಕೆಂಟಕಿಯ ಲೆಸ್ಲಿ ಕೌಂಟಿಯಲ್ಲಿ ಕೆಲಸ ಆರಂಭಿಸಿದರು. ಅದೇ ಮುಂದೆ ‘ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್’ ಎಂದು ಹೆಸರಾಯಿತು. ಸರಿಯಾದ ರಸ್ತೆಯಿಲ್ಲದ ಸೀಮೆ. ನರ್ಸುಗಳು ಕುದುರೆಯೇರಿ, ಜೀನಿನ ಚೀಲದಲ್ಲಿ ಔಷಧಿ ತುಂಬಿಕೊಂಡು, ಹೊಳೆ ದಾಟಿ ಮನೆಮನೆಗೆ ಹೋದರು. ಹೆರಿಗೆಗೆ ಹೋದವರೇ ಮಗುವಿನ ಜ್ವರ, ಅಜ್ಜನ ಗಾಯವನ್ನೂ ನೋಡಬೇಕಾಯಿತು.

ಎಲ್ಲವನ್ನೂ ಬರೆದಿಟ್ಟರು. 1932ರಲ್ಲಿ ಒಂದು ವಿಮಾ ಕಂಪನಿ ಆ ದಾಖಲೆಗಳನ್ನು ಲೆಕ್ಕ ಹಾಕಿತು. ಮೊದಲ 1000 ಹೆರಿಗೆಗಳಲ್ಲಿ, ಬಸಿರು ಅಥವಾ ಹೆರಿಗೆಯೇ ನೇರ ಕಾರಣವಾಗಿ ಸತ್ತ ತಾಯಿ ಒಬ್ಬಳೂ ಇರಲಿಲ್ಲ. ಬ್ಯಾಂಕಿನ ಲೆಡ್ಜರಿನಲ್ಲಿ ಆಯುಷ್ಯ ಕಳೆದ ನನಗೆ, ಇದಕ್ಕಿಂತ ಬೆಲೆಯುಳ್ಳ ಸೊನ್ನೆಯನ್ನು ಕಂಡ ನೆನಪಿಲ್ಲ.

ಆ ನರ್ಸುಗಳಲ್ಲಿ ಹಲವರು ಬ್ರಿಟನ್ನಿನವರು. 1939ರಲ್ಲಿ ಯುದ್ಧ ಶುರುವಾಗಲು ತಮ್ಮ ದೇಶಕ್ಕೆ ಮರಳಿದರು. ಹೊರಗಿನವರನ್ನು ನಂಬಿ ಕೂರುವಂತಿರಲಿಲ್ಲ. ಅದೇ ವರ್ಷ ಹೈಡನ್ ಎಂಬ ಊರಿನಲ್ಲಿ ಸ್ವಂತ ಶಾಲೆಯೇ ತೆರೆಯಿತು.

1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಡಾಕ್ಟರ್ ಹೆನ್ರಿ ಸಿಲ್ವರ್ ಸೇರಿ, ಮಕ್ಕಳ ಆರೋಗ್ಯ ನೋಡಿಕೊಳ್ಳುವ ‘ನರ್ಸ್ ಪ್ರಾಕ್ಟೀಷನರ್’ ತರಬೇತಿ ಆರಂಭಿಸಿದರು. 1970ರಲ್ಲಿ ಹೈಡನ್ ಶಾಲೆ ಅದನ್ನು ಕೂಸಿನಿಂದ ಮುದುಕರವರೆಗೆ ಇಡೀ ಕುಟುಂಬಕ್ಕೆ ವಿಸ್ತರಿಸಿತು. ಇವರೇ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರುಗಳು. ಪುಸ್ತಕ ಓದಿದರಷ್ಟೇ ಸಾಲದು. ಅನುಭವಿಗಳ ಕಣ್ಣೆದುರಿನಲ್ಲಿ ರೋಗಿಯ ಮಾತು ಕೇಳಬೇಕು, ಮೈ ಮುಟ್ಟಿ ಪರೀಕ್ಷಿಸಬೇಕು, ರೋಗ ಇಂಥದ್ದೆಂದು ಹೇಳಬೇಕು; ತಪ್ಪಿದರೆ ಅಲ್ಲೇ ತಿದ್ದಿಸಿಕೊಳ್ಳಬೇಕು. ತನ್ನ ಕೈ ಮೀರಿದ ರೋಗಿಯನ್ನು ಡಾಕ್ಟರ ಬಳಿಗೆ ಯಾವಾಗ ಕಳಿಸಬೇಕೆಂಬುದೂ ಪಾಠವೇ. 1989ರಿಂದ ಈ ಸಂಸ್ಥೆ ದೂರಶಿಕ್ಷಣಕ್ಕೂ ಇಳಿಯಿತು. ವಿದ್ಯಾರ್ಥಿ ತನ್ನ ಸೀಮೆಯಲ್ಲೇ ಇದ್ದು, ಅಲ್ಲಿನ ರೋಗಿಗಳನ್ನು ನೋಡುತ್ತಲೇ ಕಲಿಯುವ ಏರ್ಪಾಡು ಇದು.

ನಮ್ಮ ದೇಶದಲ್ಲಿಯೂ 2018ರಲ್ಲಿ ಕೇಂದ್ರ ಸರಕಾರವು ಹೆರಿಗೆ ನೋಡುವ ನರ್ಸ್ ಪ್ರಾಕ್ಟೀಷನರುಗಳಿಗೆ 18 ತಿಂಗಳ ತರಬೇತಿಯ ಮಾರ್ಗಸೂಚಿ ಹೊರಡಿಸಿತು. ಗಡಿನಾಡಿನವರಾದ ನಾವು ಇಲ್ಲಿ ಒಂದು ಮಾತು ಸೇರಿಸಬೇಕು. ಅಂಗಡಿಯಲ್ಲಿ ಎರಡು ಭಾಷೆ ಆಡುತ್ತೇವೆ, ನೋವು ಬಂದಾಗ ಬಾಯಿಗೆ ಬರುವುದು ಮನೆಮಾತೊಂದೇ. ಹೊಟ್ಟೆ ತೊಳಸುವುದು ಬೇರೆ, ಹಿಂಡುವುದು ಬೇರೆ, ಉಬ್ಬರಿಸುವುದು ಬೇರೆ. ಈ ವ್ಯತ್ಯಾಸ ತಿಳಿಯದ ನರ್ಸಿಗೆ ಅರ್ಧ ರೋಗವೇ ತಿಳಿಯದು. ನಮ್ಮ ಹೆಣ್ಣುಮಕ್ಕಳು ನರ್ಸಿಂಗ್ ಕಲಿಯುವಾಗ ಕೆಲವು ತಿಂಗಳಾದರೂ ಇಲ್ಲಿನ ಉಪಕೇಂದ್ರದಲ್ಲಿ, ಇಲ್ಲಿನ ಅಜ್ಜಿಯರ ಪಕ್ಕ ಕುಳಿತು ಕಲಿಯಲಿ. ಈ ಬೇಡಿಕೆಯನ್ನು ನಿಮ್ಮ ಪಂಚಾಯತಿಯಲ್ಲಿ ಎತ್ತಿರಿ.